ಕೂತ ಸ್ಪ್ರಿಂಗ್ ಮೆತ್ತಗಾಗಿರುವುದಿಲ್ಲ

ಮಳೆಗಾಲ ಮುಗಿದ ಮೇಲೆ ನಮ್ಮ ಚಿಕ್ಕಮಗಳೂರಿನ ಶೆಡ್ಡಿಗೆ ಹಳೇ ಕಾರುಗಳು ಒಂದೊಂದಾಗಿ ಬರೋಕೆ ಶುರುವಾಗುತ್ತವೆ. ಹೋದ ಸಲ ಮೊದಲು ಬಂದದ್ದು ಮೂಡಿಗೆರೆ ಕಡೆಯ ಒಂದು ಎಂಜಿಬಿ ರೋಡ್‌ಸ್ಟರ್ (ಬ್ರಿಟನ್ನಿನ ತೆರೆದ ಎರಡು ಸೀಟಿನ ಸ್ಪೋರ್ಟ್ಸ್ ಕಾರು), 1967ರದ್ದು. ಮುಂಭಾಗ ಕೆಳಗೆ ಕೂತಿತ್ತು, ಅದರಲ್ಲೂ ಡ್ರೈವರ್ ಕಡೆ ಜಾಸ್ತಿ. ಮಾಲೀಕರು ಬರುವಾಗಲೇ ಒಂದು ಡಬ್ಬಿ ತಂದಿದ್ದರು. ಅದರಲ್ಲಿ ಹೊರದೇಶದಿಂದ ತರಿಸಿದ ಗಟ್ಟಿ ಸ್ಪ್ರಿಂಗ್ ಜೋಡಿ. "ಹಳೇದು ಮೆತ್ತಗಾಗಿಬಿಟ್ಟಿದೆ, ಇದನ್ನ ಹಾಕಿಬಿಡಿ" ಅಂದರು.

ನಾನು ಹಾಕಲಿಲ್ಲ. ಯಾಕೆ ಅಂತ ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ಈ ತಪ್ಪನ್ನು ಕಾರು ಚೆನ್ನಾಗಿ ಬಲ್ಲವರೂ ಮಾಡುತ್ತಾರೆ.

ಸ್ಪ್ರಿಂಗ್ ಕೂತಿದೆ ಅಂದರೆ ಅದರ ಉದ್ದ ಕಮ್ಮಿಯಾಗಿದೆ ಅಂತ ಅರ್ಥ, ಮೆತ್ತಗಾಗಿದೆ ಅಂತಲ್ಲ. ಒಂದು ಸ್ಪ್ರಿಂಗ್ ಎಷ್ಟು ಗಟ್ಟಿ ಅನ್ನುವುದು ಉಕ್ಕಿನ ಗುಣ, ತಂತಿಯ ದಪ್ಪ, ಸುರುಳಿಯ ಅಗಲ ಮತ್ತು ಸುತ್ತುಗಳ ಲೆಕ್ಕದ ಮೇಲೆ ನಿಂತಿದೆ. ಐವತ್ತು ವರ್ಷ ಭಾರ ಹೊತ್ತರೂ ಇವು ಬದಲಾಗುವುದಿಲ್ಲ, ತುಕ್ಕು ತಿಂದು ತಂತಿ ಸವೆದಿದ್ದರೆ ಮಾತ್ರ ಬೇರೆ ಮಾತು. ಹಾಗಾಗಿ ಕೂತ ಸ್ಪ್ರಿಂಗ್‌ಗೆ ಬೇಕಾದ್ದು ಅದೇ ಗಟ್ಟಿತನದ, ಸರಿಯಾದ ಉದ್ದದ ಇನ್ನೊಂದು ಸ್ಪ್ರಿಂಗ್.

ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಅದಕ್ಕೇ ತೂಗಿ ತೋರಿಸುತ್ತೇನೆ. ಕಾಫಿ ಮೂಟೆ ತೂಗುವ 300 ಕೆಜಿಯ ತಕ್ಕಡಿ ನಮ್ಮ ಕಡೆ ಎಲ್ಲ ತೋಟದಲ್ಲೂ ಇರುತ್ತದೆ ಅಲ್ವಾ, ಅದೇ ಸಾಕು. ಅದನ್ನು ಹೈಡ್ರಾಲಿಕ್ ಪ್ರೆಸ್ಸಿನ ಕೆಳಗಿಟ್ಟು, ಮೇಲೆ ದಪ್ಪ ತಗಡು, ಅದರ ಮೇಲೆ ಸ್ಪ್ರಿಂಗ್ ನೆಟ್ಟಗೆ ನಿಲ್ಲಿಸಿ, ಸರಪಳಿ ಸುತ್ತಿ, ನಿಧಾನ ಒತ್ತಬೇಕು. ಮೊದಲ ಹತ್ತು ಮಿಮೀ ಲೆಕ್ಕಕ್ಕೆ ಹಿಡಿಯಬೇಡಿ, ತುದಿಯ ಸುತ್ತುಗಳು ಕೂರುವಾಗ ಸರಿಯಾದ ಅಂಕಿ ಬರುವುದಿಲ್ಲ. ಅಲ್ಲಿಂದ ಮುಂದೆ ಪ್ರತಿ ಹತ್ತು ಮಿಮೀಗೆ ಎಷ್ಟು ಕೆಜಿ ಏರುತ್ತದೆ ನೋಡಿ. ಎಂಜಿಬಿ ರೋಡ್‌ಸ್ಟರ್‌ನ ಮುಂದಿನ ಸ್ಪ್ರಿಂಗ್ ಕಾರ್ಖಾನೆ ಲೆಕ್ಕದಲ್ಲಿ ಇಂಚಿಗೆ 348 ಪೌಂಡ್, ಅಂದರೆ ಹತ್ತು ಮಿಮೀಗೆ ಸುಮಾರು 62 ಕೆಜಿ. ಮೂಡಿಗೆರೆ ಕಾರಿನ ಎರಡೂ ಹಳೇ ಸ್ಪ್ರಿಂಗ್ ಹೆಚ್ಚೂಕಮ್ಮಿ ಅಷ್ಟೇ ತೋರಿಸಿದವು. ಆದರೆ ಬಿಡಿಯಾಗಿ ನಿಲ್ಲಿಸಿ ಅಳೆದರೆ 251 ಮಿಮೀ ಇರಬೇಕಾದ್ದು ಎಡಗಡೆಯದು 246, ಬಲಗಡೆಯದು 242.

ಐದು, ಒಂಬತ್ತು ಮಿಮೀ ಏನು ಮಹಾ ಅನ್ನಿಸಬಹುದು. ಈ ಕಾರಿನಲ್ಲಿ ಸ್ಪ್ರಿಂಗ್ ಇರುವ ಜಾಗ ಚಕ್ರದ ಹತ್ತಿರ ಅಲ್ಲ, ಚಕ್ರವನ್ನು ಕಾರಿಗೆ ಸೇರಿಸುವ ಕೆಳಗಿನ ಆರ್ಮಿನ ಹೆಚ್ಚೂಕಮ್ಮಿ ನಡುವೆ. ಸ್ಪ್ರಿಂಗ್ ಒಂದು ಮಿಮೀ ಕುಗ್ಗಿದರೆ ಕಾರು ಎರಡು ಮಿಮೀ ಇಳಿಯುತ್ತದೆ. ಹಾಗೆ ಬಲಗಡೆ 18 ಮಿಮೀ ಕೆಳಗೆ.

ಇನ್ನು ಡಬ್ಬಿಯಲ್ಲಿದ್ದ ಸ್ಪ್ರಿಂಗ್. ಅದು ಹತ್ತು ಮಿಮೀಗೆ 86 ಕೆಜಿ ತೋರಿಸಿತು. ಅಷ್ಟು ಅಂದರೆ ಎಂಜಿಬಿಯ ಜಿಟಿ ಮಾಡೆಲ್‌ನ ಸ್ಪ್ರಿಂಗ್‌ನಷ್ಟು ಗಟ್ಟಿ, ಇಂಚಿಗೆ 480 ಪೌಂಡ್. ಜಿಟಿಗೆ ಮೇಲೆ ಉಕ್ಕಿನ ಛಾವಣಿ ಇದೆ, ಭಾರ ಜಾಸ್ತಿ. ಅದರ ಸ್ಪ್ರಿಂಗ್ ಗಟ್ಟಿ ಇದ್ದರೂ ಉದ್ದ 231 ಮಿಮೀ ಅಷ್ಟೇ, ರೋಡ್‌ಸ್ಟರಿನದಕ್ಕಿಂತ ಗಿಡ್ಡ. ಎರಡನ್ನೂ ಪಕ್ಕದಲ್ಲಿ ಇಟ್ಟು ಕಣ್ಣಳತೆಯಲ್ಲಿ ಆರಿಸಿದರೆ ಗಿಡ್ಡದ್ದು ಮೆತ್ತಗಿದೆ ಅಂತಲೇ ಅನ್ನಿಸುತ್ತದೆ!

ಟ್ರ್ಯಾಕ್ ಮೇಲೆ ಓಡಿಸುವವರಿಗೆ ಗಟ್ಟಿ ಸ್ಪ್ರಿಂಗ್ ಬೇಕು, ಒಪ್ಪುತ್ತೇನೆ. ನಮ್ಮ ರಸ್ತೆ ಹಾಗಿಲ್ಲ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ ತಿರುವಿನ ಒಳಗೇ ಕಿತ್ತುಹೋದ ಡಾಂಬರು ಸಿಗುತ್ತದೆ. ಅಲ್ಲಿ ಚಕ್ರ ಗುಂಡಿಯೊಳಗೆ ಇಳಿದು ಹತ್ತಬೇಕು, ಸ್ಪ್ರಿಂಗ್ ಗಟ್ಟಿಯಾದರೆ ಚಕ್ರ ನೆಲ ಬಿಟ್ಟು ಎಗರುತ್ತದೆ. ನೆಲ ಬಿಟ್ಟ ಟೈರಿಗೆ ಹಿಡಿತ ಎಲ್ಲಿಂದ ಬರಬೇಕು? ಜೊತೆಗೆ ಆ ಕಾರಿನ ಮುಂದಿನ ಡ್ಯಾಂಪರ್, ಅಂದರೆ ಶಾಕ್ ಅಬ್ಸಾರ್ಬರ್, ಹಳೇ ಲಿವರ್ ಮಾದರಿಯದು, ಅದರ ತೋಳೇ ಮೇಲಿನ ಆರ್ಮ್ ಕೂಡ ಹೌದು. ಮೂಲ ಸ್ಪ್ರಿಂಗ್ ವಾಪಸ್ ಚಿಮ್ಮುವುದನ್ನು ಹಿಡಿಯುವಷ್ಟು ಶಕ್ತಿ ಅದಕ್ಕಿದೆ, ಒಂದೂಕಾಲು ಪಟ್ಟಿಗಿಂತ ಜಾಸ್ತಿ ಗಟ್ಟಿ ಇರುವುದನ್ನು ಹಿಡಿಯುವಷ್ಟು ಇಲ್ಲ. ಕಾರು ಕುಣಿಯುತ್ತದೆ. ಎತ್ತರ ಇಳಿಸುವ ಗಿಡ್ಡ ಸ್ಪ್ರಿಂಗ್ ಆದರಂತೂ ಎಂಜಿನ್ ಕೆಳಗಿನ ಎಣ್ಣೆ ಸಂಪು ತೋಟದ ಗೇಟಿನ ಉಬ್ಬಿಗೇ ತಾಗುತ್ತದೆ, ತಿರುವಿನಲ್ಲಿ ಆರ್ಮ್ ಹೋಗಿ ಅದನ್ನು ತಡೆಯುವ ಬಂಪ್ ರಬ್ಬರಿಗೆ ಬಡಿದ ಕ್ಷಣ ಮುಂಭಾಗ ಹೊರಗೆ ಜಾರುತ್ತದೆ. ಆ ಜಾಗದಲ್ಲಿ ಹೊರಗೆ ಅಂದರೆ ಕಣಿವೆ.

ಇಷ್ಟೆಲ್ಲಾ ಸ್ಪ್ರಿಂಗಿನ ಮಾತಾಯಿತು, ಆದರೆ ಕಾರು ವಾಲಿದ್ದಕ್ಕೆಲ್ಲ ಸ್ಪ್ರಿಂಗೇ ಕಾರಣ ಅಲ್ಲ. ಟೈರಿನ ಗಾಳಿ ಸರಿ ಮಾಡಿ, ಸಮ ನೆಲದಲ್ಲಿ ನಿಲ್ಲಿಸಿ, ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದುಕೊಳ್ಳಿ. ಆಮೇಲೆ ಆರ್ಮಿನ ಕೀಲಿನಲ್ಲಿರುವ ರಬ್ಬರ್ ಬುಶ್ ನೋಡಿ. ಎಷ್ಟೋ ಸಲ ಯಾರೋ ಕಾರನ್ನು ಜಾಕ್ ಮೇಲೆ ಎತ್ತಿ, ಚಕ್ರ ನೇತಾಡುತ್ತಿರುವಾಗಲೇ ರಬ್ಬರ್ ಬುಶ್ಶಿನ ಬೋಲ್ಟ್ ಬಿಗಿದಿರುತ್ತಾರೆ. ಕೆಳಗಿಳಿಸಿದಾಗ ರಬ್ಬರ್ ತಿರುಚಿಕೊಂಡು ಕಾರನ್ನು ಎತ್ತಿ ಹಿಡಿಯುತ್ತದೆ, ಸ್ವಲ್ಪ ದಿನದಲ್ಲಿ ಹರಿದುಹೋಗುತ್ತದೆ. ಬೋಲ್ಟ್ ಬಿಗಿಯುವುದು ಕಾರಿನ ಭಾರ ಚಕ್ರದ ಮೇಲೆ ಬಿದ್ದ ಮೇಲೆ.

ಸರಿಯಾದ ಸ್ಪ್ರಿಂಗ್ ರೆಡಿಮೇಡ್ ಸಿಗದಿದ್ದರೆ ಪೀಣ್ಯದಲ್ಲಿ ಸುತ್ತಿಸಬಹುದು. ಆಗ ತಂತಿಯ ದಪ್ಪ ಅಳೆಯುವ ಮುಂಚೆ ದಯವಿಟ್ಟು ಬಣ್ಣ ಕೆರೆಯಿರಿ. ಗಟ್ಟಿತನ ದಪ್ಪದ ನಾಲ್ಕನೇ ಘಾತಕ್ಕೆ ಏರುತ್ತದೆ. 13 ಮಿಮೀ ತಂತಿಯ ಮೇಲೆ ಸುತ್ತಲೂ 0.3 ಮಿಮೀ ಹಳೇ ಪೇಂಟ್ ಕೂತಿದ್ದರೆ ವರ್ನಿಯರ್ 13.6 ತೋರಿಸುತ್ತದೆ, ಆ ಅಳತೆಗೆ ಮಾಡಿಸಿದ ಸ್ಪ್ರಿಂಗ್ ನೂರಕ್ಕೆ ಇಪ್ಪತ್ತರಷ್ಟು ಗಟ್ಟಿಯಾಗಿ ಬರುತ್ತದೆ. ಉದ್ದವನ್ನು ಹಳೇ ಸ್ಪ್ರಿಂಗ್ ನೋಡಿ ಕೊಡಬೇಡಿ, ಅದು ಕೂತಿರುವುದೇ ಅಲ್ವಾ, ಕಾರ್ಖಾನೆಯ ಮ್ಯಾನ್ಯುಯಲ್ ನೋಡಿ ಕೊಡಿ.

ಹಿಂದಿನ ಚಕ್ರಗಳ ಬ್ಲೇಡ್ ಸೆಟ್ಟಿನ (ಪಟ್ಟಿ ಸ್ಪ್ರಿಂಗಿನ) ಕಥೆಯೂ ಇದೇ. ಲಾರಿ ಬ್ಲೇಡ್ ಕೆಲಸದವರು ಹಾಸನದಲ್ಲೂ ಇದ್ದಾರೆ, ಕೈಚಳಕ ಇರುವವರು. ಆದರೆ ಸುಮ್ನೆ ತಣ್ಣಗೆ ಬಡಿದು ಬಾಗಿಸಿದರೆ ಬೇಗ ಮತ್ತೆ ಕೂರುತ್ತದೆ. ಕಾಯಿಸಿ, ಎಣ್ಣೆಯಲ್ಲಿ ತಣಿಸಿ, ಹದ ಹಾಕಿ ಕೊಡುತ್ತೀರಾ ಅಂತ ಕೇಳಿ. ಒಂದು ಬ್ಲೇಡ್ ಜಾಸ್ತಿ ಸೇರಿಸುತ್ತೇನೆ ಅಂದರೆ ಬೇಡ ಅನ್ನಿ.

ಗ್ಯಾಸ್ ಕಟ್ಟರಿನಲ್ಲಿ ಕಾಯಿಸಿ ಸ್ಪ್ರಿಂಗ್ ಇಳಿಸಿದ ಕಾರೊಂದು ಒಮ್ಮೆ ನನ್ನ ಹತ್ತಿರ ಬಂದಿತ್ತು. ಕಾಯಿಸಿದ ಕಡೆ ಉಕ್ಕು ನೀಲಿ ತಿರುಗಿತ್ತು, ಆ ಸುತ್ತೇ ತುಂಡಾಗಿ ಟೈರಿನ ಒಳಬದಿಯನ್ನು ಕೊಯ್ದಿತ್ತು. ಆ ಟೈರನ್ನು ಇವತ್ತಿಗೂ ಶೆಡ್ಡಿನ ಗೋಡೆಗೆ ನೇತುಹಾಕಿದ್ದೇನೆ, ಕೇಳಿದವರಿಗೆ ತೋರಿಸುತ್ತೇನೆ.

ಬಿಚ್ಚುವಾಗ ಹುಷಾರು. ಇಂಥ ಸ್ಪ್ರಿಂಗ್ 100 ಮಿಮೀ ಒತ್ತಿದಾಗ ಅದರೊಳಗೆ ಇರುವ ಶಕ್ತಿ 50 ಕೆಜಿ ಮೂಟೆ ಎರಡಡಿ ಮೇಲಿಂದ ಬಿದ್ದಷ್ಟು. ಸ್ಪ್ರಿಂಗ್ ಒತ್ತಿ ಹಿಡಿಯುವ ಸರಿಯಾದ ಕಂಪ್ರೆಸರ್ ಇಲ್ಲದೆ ಮನೆಯಲ್ಲಿ ಕೈ ಹಾಕಬೇಡಿ.

ಮೂಡಿಗೆರೆ ಕಾರಿಗೆ ಮೂಲ ಗಟ್ಟಿತನದ ಹೊಸ ಜೋಡಿ ಹಾಕಿದೆವು, ಬುಶ್ ಬದಲಿಸಿದೆವು, ಡ್ಯಾಂಪರಿಗೆ ಎಣ್ಣೆ ತುಂಬಿದೆವು. ಮೊದಲ ದಿನ ಮುಂಭಾಗ ಸ್ವಲ್ಪ ಎತ್ತರವೇ ಕಾಣಿಸಿತು. 500 ಕಿಮೀ ಓಡಿಸಿ ತನ್ನಿ ಅಂದಿದ್ದೆ. ತಂದಾಗ ಅಳೆದರೆ ಎಡಕ್ಕೂ ಬಲಕ್ಕೂ 3 ಮಿಮೀ ವ್ಯತ್ಯಾಸ. ಆ ನಾಲ್ಕು ಅಳತೆಗಳನ್ನು ಡಿಕ್ಕಿ ಮುಚ್ಚಳದ ಒಳಗಡೆ ಒಂದು ಚೀಟಿಯಲ್ಲಿ ಬರೆದು ಅಂಟಿಸಿದ್ದೇನೆ, ಮುಂದಿನ ಸಲ ಯಾರೇ ಬಿಚ್ಚಿದರೂ ಅಲ್ಲಿಂದ ಶುರು ಮಾಡಬಹುದು.