ಅಂಗಡಿ ಕಂಪ್ಯೂಟರ್‌ನಲ್ಲಿ ಅಳಿಸಿದ ಫೈಲ್ ನಾವೇ ತೆಗೆದರೆ ಕೋರ್ಟಿನಲ್ಲಿ ನಿಲ್ಲುತ್ತಾ?

ಪ್ರಶ್ನೆ: ದಾವಣಗೆರೆ ಮಂಡಿಪೇಟೆಯಲ್ಲಿ ನಮ್ಮದು ಸಗಟು ಅಂಗಡಿ. ಕೆಲಸ ಬಿಟ್ಟು ಹೋದ ಹುಡುಗ ಮೂರು ತಿಂಗಳ ಬಿಲ್ ಫೈಲ್ ಅಳಿಸಿದ್ದಾನೆ ಅಂತ ಅನುಮಾನ. ನೆಟ್‌ನಲ್ಲಿ ಸಿಗುವ ರಿಕವರಿ ಸಾಫ್ಟ್‌ವೇರ್ ಹಾಕಿ ನಾನೇ ವಾಪಸ್ ತೆಗೆಯಬಹುದಾ? ಅದು ಸಾಕ್ಷಿ ಆಗುತ್ತಾ?

ಉತ್ತರ: ದಯವಿಟ್ಟು ಮೊದಲು ಆ ಕಂಪ್ಯೂಟರ್ ಬಂದ್ ಮಾಡಿ. ಇವತ್ತಿನ ಬಿಲ್ ಕೈಯಲ್ಲೇ ಬರೆಯಿರಿ.

ನಿಮ್ಮ ಗೋದಾಮನ್ನೇ ನೆನೆಸಿಕೊಳ್ಳಿ. ಮೆಕ್ಕೆಜೋಳದ ಚೀಲ ಒಳಗೇ ಇದೆ, ರಿಜಿಸ್ಟರ್‌ನಲ್ಲಿ ಮಾತ್ರ ಹೆಸರು ಹೊಡೆದು ಹಾಕಿದ್ದಾರೆ. ಆ ಜಾಗ ಖಾಲಿ ಅಂದುಕೊಂಡು ಬೇರೆ ಲೋಡು ಇಳಿಸುವ ತನಕ ಚೀಲಕ್ಕೆ ಏನೂ ಆಗಲ್ಲ. ಹಾರ್ಡ್ ಡಿಸ್ಕ್‌ನಲ್ಲಿ ಫೈಲ್ ಅಳಿಸಿದಾಗ ಆಗುವುದೂ ಇಷ್ಟೇ. ನೀವು ಇನ್‌ಸ್ಟಾಲ್ ಮಾಡುವ ರಿಕವರಿ ಸಾಫ್ಟ್‌ವೇರೇ ಆ ಹೊಸ ಲೋಡು. ಕಂಪ್ಯೂಟರ್‌ನಲ್ಲಿ ಹಾರ್ಡ್ ಡಿಸ್ಕ್ ಬದಲು ಚಿಪ್‌ನಲ್ಲಿ ಫೈಲ್ ಇಡುವ ಎಸ್‌ಎಸ್‌ಡಿ ಇದ್ದರೆ ಟೈಮ್ ಇನ್ನೂ ಕಡಿಮೆ. ಟ್ರಿಮ್ ಅನ್ನೋ ವ್ಯವಸ್ಥೆ ಅಳಿಸಿದ ಜಾಗವನ್ನು ತಾನೇ ಗುಡಿಸಿಬಿಡುತ್ತದೆ.

ನನಗೆ ಇದು ಪೆಟ್ಟು ತಿಂದ ಮೇಲೆ ಗೊತ್ತಾಗಿದ್ದು. ಅಣ್ಣನ ಮದುವೆ ಫೋಟೊ ಇದ್ದ ಮೆಮೊರಿ ಕಾರ್ಡ್ ಕೈತಪ್ಪಿ ಫಾರ್ಮ್ಯಾಟ್ ಆಗಿತ್ತು. ಸಾಫ್ಟ್‌ವೇರ್ ಹುಡುಕಿಕೊಟ್ಟ ಫೋಟೊಗಳನ್ನು ಅದೇ ಕಾರ್ಡಿಗೆ ಸೇವ್ ಮಾಡಿದೆ. ಅವು ಇನ್ನೂ ಸಿಗಬೇಕಿದ್ದ ಫೋಟೊಗಳ ಮೇಲೇ ಹೋಗಿ ಕೂತವು. ಧಾರೆಯ ಫೋಟೊದಲ್ಲಿ ಮೇಲರ್ಧ ಮಂಟಪ, ಕೆಳಗರ್ಧ ಬರೀ ಬೂದು ಬಣ್ಣ. ಅಮ್ಮನಿಗೆ ಅದನ್ನು ತೋರಿಸಿದ್ದು ಇವತ್ತಿಗೂ ಮರೆತಿಲ್ಲ.

ತನಿಖೆ ಮಾಡುವವರು ಮೂಲ ಡಿಸ್ಕ್‌ನಲ್ಲಿ ಹುಡುಕುವುದೇ ಇಲ್ಲ. ಅದನ್ನು ರೈಟ್ ಬ್ಲಾಕರ್ ಅನ್ನೋ ಸಾಧನದ ಮೂಲಕ ಜೋಡಿಸುತ್ತಾರೆ. ಓದಬಹುದು, ಒಂದಕ್ಷರವೂ ಬರೆಯಲು ಆಗಲ್ಲ. ಆಮೇಲೆ ಎಫ್‌ಟಿಕೆ ಇಮೇಜರ್‌ನಂಥ ಸಾಫ್ಟ್‌ವೇರ್‌ನಿಂದ ಖಾಲಿ ಜಾಗವನ್ನೂ ಸೇರಿಸಿ ಇಡೀ ಡಿಸ್ಕ್‌ನ ನಕಲು ತೆಗೆಯುತ್ತಾರೆ. ಹುಡುಕಾಟವೆಲ್ಲ ಆ ನಕಲಿನ ಮೇಲೆ. ಹೀಗೆ ಹುಡುಕುವ ಸಾಫ್ಟ್‌ವೇರ್‌ಗಳಲ್ಲಿ ಎನ್‌ಕೇಸ್ ದುಡ್ಡು ಕೊಟ್ಟು ಕೊಳ್ಳುವಂಥದ್ದು, ಆಟೊಪ್ಸಿ ಉಚಿತ. ಫೋಟೊರೆಕ್ ಕೂಡ ಉಚಿತ. ಅದು ಫೈಲಿನ ಹೆಸರನ್ನೇ ನೋಡಲ್ಲ, ಅದರ ಗುರುತು ಹುಡುಕುತ್ತದೆ. ಜೆಪೆಗ್ ಫೋಟೊ ಯಾವಾಗಲೂ ‘ಎಫ್‌ಎಫ್ ಡಿ8 ಎಫ್‌ಎಫ್’ ಅಂತ ಶುರುವಾಗುತ್ತದೆ. ಆ ಗುರುತು ಕಂಡಲ್ಲಿಂದ ಎತ್ತಿಕೊಳ್ಳುತ್ತದೆ.

ನನ್ನ ಪ್ರಕಾರ ಯಾವ ಸಾಫ್ಟ್‌ವೇರ್ ಅನ್ನೋದಕ್ಕಿಂತ ಹ್ಯಾಶ್, ಅಂದರೆ ಆ ನಕಲಿನ ಬೆರಳಚ್ಚಿನಂಥ ಗುರುತು, ಮುಖ್ಯ. ನಕಲು ತೆಗೆದ ಕೂಡಲೇ ಎಸ್‌ಎಚ್‌ಎ-256 ಅನ್ನೋ ವಿಧಾನದಲ್ಲಿ ಹ್ಯಾಶ್ ಲೆಕ್ಕ ಹಾಕಿದರೆ 64 ಅಕ್ಷರ-ಅಂಕಿಗಳ ಒಂದು ಸಾಲು ಬರುತ್ತದೆ. ಡಿಸ್ಕ್‌ನಲ್ಲಿ ಒಂದು ಚುಕ್ಕೆ ಬದಲಾದರೂ ಆ ಸಾಲು ಪೂರ್ತಿ ಬೇರೆ ಆಗುತ್ತದೆ. ‘ಫೈಲ್ ನೀವೇ ಸೇರಿಸಿದ್ದಲ್ವಾ?’ ಅಂತ ಎದುರು ವಕೀಲರು ಕೇಳಿದರೆ ನಿಮ್ಮ ಕೈಯಲ್ಲಿರುವ ಉತ್ತರ ಅದೇ. ತಪ್ಪು ಮಾಡಿರದಿದ್ದರೆ ಆ ಹುಡುಗನನ್ನು ಕಾಯುವುದೂ ಅದೇ.

ಕಾನೂನೂ ಅದನ್ನೇ ಕೇಳುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂಥ ಸಾಕ್ಷಿಯ ಜೊತೆ ಪ್ರಮಾಣಪತ್ರ ಕೊಡಬೇಕು. ಅದರಲ್ಲಿ ಎರಡು ಭಾಗ. ಒಂದು ಸಾಕ್ಷಿ ಕೊಡುವವರದ್ದು, ಇನ್ನೊಂದು ತಜ್ಞರದ್ದು. ಎರಡರಲ್ಲೂ ಹ್ಯಾಶ್ ಬರೆಯಬೇಕು.

ಒಂದು ಮಾತು ಮೊದಲೇ ತಿಳಿದಿರಲಿ. ಯಾವ ಲಾಗಿನ್‌ನಿಂದ, ಎಷ್ಟು ಹೊತ್ತಿಗೆ ಏನು ನಡೆಯಿತು ಅನ್ನೋದು ಡಿಸ್ಕ್‌ನಿಂದ ಸಿಗಬಹುದು. ಕೀಬೋರ್ಡ್ ಮುಂದೆ ಯಾರು ಕೂತಿದ್ದರು ಅಂತ ಯಾವ ಸಾಫ್ಟ್‌ವೇರೂ ಹೇಳಲ್ಲ. ಅಂಗಡಿಯವರೆಲ್ಲ ಒಂದೇ ಪಾಸ್‌ವರ್ಡ್ ಬಳಸುತ್ತಿದ್ದರೆ ಕಷ್ಟ ಜಾಸ್ತಿ. ಹಾಗಾಗಿ ಅಂಗಡಿಯ ಸಿಸಿಟಿವಿ ರೆಕಾರ್ಡಿಂಗ್ ಅಳಿದು ಹೋಗುವ ಮೊದಲೇ ಉಳಿಸಿಕೊಳ್ಳಿ.

ಕಂಪ್ಯೂಟರ್ ಯಾವಾಗ ಬಂದ್ ಮಾಡಿದಿರಿ, ಆಮೇಲೆ ಯಾರು ಮುಟ್ಟಿದರು, ಎಲ್ಲ ಒಂದು ಹಾಳೆಯಲ್ಲಿ ಬರೆದಿಡಿ. ಅದನ್ನೂ ಕಂಪ್ಯೂಟರನ್ನೂ ನಗರದ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ) ಪೊಲೀಸ್ ಠಾಣೆಗೆ ಕೊಟ್ಟು ರಸೀದಿ ತೆಗೆದುಕೊಳ್ಳಿ. ಬ್ಯಾಂಕ್ ಖಾತೆಯಿಂದ ಆನ್‌ಲೈನ್‌ನಲ್ಲಿ ದುಡ್ಡೂ ಹೋಗಿದ್ದರೆ ಕಾಯಬೇಡಿ, ಈಗಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮತ್ತೆ, ಜಿಎಸ್‌ಟಿಗೆ ಅಂತ ಆಡಿಟರ್‌ಗೆ ಲೆಕ್ಕ ಕಳಿಸಿರುತ್ತೀರಿ ಅಲ್ವಾ? ಆ ಮೂರು ತಿಂಗಳ ಬಿಲ್‌ಗಳಲ್ಲಿ ಎಷ್ಟೋ ಅವರ ಹತ್ತಿರವೇ ಇರಬಹುದು. ಇವತ್ತೇ ಕೇಳಿ ನೋಡಿ.