ತುಂಗೆಯ ಬೆಣಚುಕಲ್ಲು ಮತ್ತು ಕಷಾಯದ ಗ್ಲಾಸು: ಗಾಜಿನಲ್ಲಿ ಶಾಖ ಹೇಗೆ ಸಾಗುತ್ತದೆ?

ತೀರ್ಥಹಳ್ಳಿಯಲ್ಲಿ ತುಂಗೆಯ ದಂಡೆಯಿಂದ ಒಂದು ಬಿಳಿ ಬೆಣಚುಕಲ್ಲು ತನ್ನಿ. ಅದನ್ನೂ ಅಷ್ಟೇ ದಪ್ಪದ ಗಾಜಿನ ಗುಂಡನ್ನೂ ರಾತ್ರಿಯಿಡೀ ಒಂದೇ ಮೇಜಿನ ಮೇಲಿಡಿ. ಬೆಳಿಗ್ಗೆ ಕೆನ್ನೆಗೆ ಒತ್ತಿಕೊಂಡು ನೋಡಿ. ಕಲ್ಲು ಜಾಸ್ತಿ ತಣ್ಣಗೆ ಅನ್ನಿಸುತ್ತದೆ. ಎರಡರ ತಾಪಮಾನವೂ ಒಂದೇ. ಕಲ್ಲು ಕೆನ್ನೆಯ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ, ಅಷ್ಟೇ.

ಬೆಣಚುಕಲ್ಲು ಅಂದರೆ ಸಿಲಿಕಾ, ಅಂದರೆ ಸಿಲಿಕಾನ್ ಮತ್ತು ಆಕ್ಸಿಜನ್ ಸೇರಿದ ವಸ್ತುವಿನ ಹರಳು. ಅದನ್ನೇ ಕರಗಿಸಿ ಗಾಜು ಮಾಡಿದರೆ ಏನಾಗುತ್ತದೆ? ಹರಳಿನ ಉಷ್ಣವಾಹಕತೆ (ಶಾಖ ಸಾಗಿಸುವ ಸಾಮರ್ಥ್ಯ), ದಿಕ್ಕಿಗೆ ತಕ್ಕಂತೆ, ಮೀಟರ್-ಕೆಲ್ವಿನ್‌ಗೆ ಸುಮಾರು 6ರಿಂದ 11 ವ್ಯಾಟ್. ಸಿಲಿಕಾ ಗಾಜಿನದು ಸುಮಾರು 1.4. ಪರಮಾಣುಗಳು ಅವೇ, ಬದಲಾದದ್ದು ಜೋಡಣೆ ಮಾತ್ರ! ನನಗೆ ಈ ಪಾಠದಲ್ಲಿ ತುಂಬ ಇಷ್ಟವಾದದ್ದು ಇದೇ.

ಅಡಿಕೆ ತೋಟದಲ್ಲಿ ಸಾಲು ಹಿಡಿದು ನಡೆದರೆ ದೂರದವರೆಗೆ ಅಡ್ಡಿಯಿಲ್ಲ. ಆಗುಂಬೆಯ ಕಾಡಿಗೆ ನುಗ್ಗಿದರೆ ಹೆಜ್ಜೆಗೊಂದು ಮರ ಎದುರಾಗುತ್ತದೆ, ಅಲ್ವಾ? ಗಾಜಿನಲ್ಲಿ ಶಾಖ ಸಾಗುವುದು ಪರಮಾಣುಗಳ ಕಂಪನದ ಅಲೆಗಳಿಂದ. ಇವೇ ಫೋನಾನ್‌ಗಳು. ಹರಳಿನಲ್ಲಿ ಅವು ಎಷ್ಟೋ ಸಾಲು ದಾಟುತ್ತವೆ. ಗಾಜಿನಲ್ಲಿ ಕೆಲವೇ ಪರಮಾಣುಗಳಷ್ಟು ದೂರ ಹೋಗಿ ಚದುರುತ್ತವೆ. ಭೌತವಿಜ್ಞಾನಿ ಚಾರ್ಲ್ಸ್ ಕಿಟೆಲ್ 1949ರಲ್ಲಿ ಗಾಜಿನ ಉಷ್ಣವಾಹಕತೆಯನ್ನು ವಿವರಿಸಿದ್ದು ಹೀಗೆಯೇ. ಬಿಸಿ ಏರಿದಂತೆ ಹರಳಿನ ವಾಹಕತೆ ಇಳಿಯುತ್ತದೆ, ಗಾಜಿನದು ನಿಧಾನವಾಗಿ ಏರುತ್ತದೆ. ಬಿಸಿಗೆ ಹರಳಿನಲ್ಲಿ ಅಲೆ ಸಾಗುವ ದೂರ ಕುಗ್ಗುತ್ತದೆ, ಗಾಜಿನಲ್ಲಿ ಆ ದೂರ ಮೊದಲೇ ಗಿಡ್ಡ, ಇನ್ನು ಕುಗ್ಗಲು ಜಾಗವಿಲ್ಲ.

ಇನ್ನು ಬೆರಕೆಯ ವಿಷಯ. ಸಿಲಿಕಾನ್‌ಗಳನ್ನು ಆಕ್ಸಿಜನ್ ಸೇತುವೆಯಂತೆ ಜೋಡಿಸುತ್ತದೆ. ಸೋಡಿಯಂ ಸೇರಿದರೆ ಕೆಲವು ಸೇತುವೆಗಳು ಮುರಿಯುತ್ತವೆ. ಹಾಗಾಗಿ ಸೋಡಿಯಂ ಬೆರೆತ ಕಿಟಕಿಯ ಗಾಜಿನ ವಾಹಕತೆ ಸುಮಾರು 1ಕ್ಕೆ ಇಳಿಯುತ್ತದೆ. ಸೀಸ ಜಾಸ್ತಿ ಇರುವ ಗಾಜಿನದು ಇನ್ನೂ ಕಡಿಮೆ: ಸೀಸದ ಪರಮಾಣು ತುಂಬ ಭಾರವಾದದ್ದು, ಅದರ ಬಂಧ ಸಡಿಲ.

ಒಂದು ಕಡೆ ನಾನೇ ಎಡವಿದ್ದೆ. ಮಳೆಗಾಲದ ಬೆಳಿಗ್ಗೆ ತಣ್ಣನೆ ಗ್ಲಾಸಿಗೆ ಕುದಿಯುವ ಕಷಾಯ ಸುರಿದೆ, ಗ್ಲಾಸು ಸೀಳಿತು. ಲ್ಯಾಬಿನ ಬೋರೋಸಿಲಿಕೇಟ್ (ಬೋರಾನ್ ಬೆರೆತ ಗಾಜು) ಬೀಕರ್ ಸೀಳುವುದಿಲ್ಲ, ಹಾಗಾದರೆ ಅದು ಶಾಖವನ್ನು ಚೆನ್ನಾಗಿ ಸಾಗಿಸುತ್ತಿರಬೇಕು ಅಂದುಕೊಂಡೆ. ತಪ್ಪು. ಅದರ ವಾಹಕತೆಯೂ ಸುಮಾರು 1.1 ಮಾತ್ರ. ಅದನ್ನು ಕಾಪಾಡುವುದು ಕಡಿಮೆ ಹಿಗ್ಗುವ ಗುಣ: ಬಿಸಿಗೆ ಅದು ಮಾಮೂಲಿ ಗಾಜಿನ ಮೂರನೇ ಒಂದು ಪಾಲಿನಷ್ಟೇ ಹಿಗ್ಗುತ್ತದೆ. ಮಾಮೂಲಿ ಗ್ಲಾಸಿನಲ್ಲಿ ವಾಹಕತೆ ಕಡಿಮೆ ಇರುವುದರಿಂದ ಒಳಮೈ ಬಿಸಿಯಾದರೂ ಹೊರಮೈ ತಣ್ಣಗೇ ಇರುತ್ತದೆ. ಒಳಗಿನದು ಹಿಗ್ಗಿ ಹೊರಗಿನದನ್ನು ಎಳೆಯುತ್ತದೆ. ಬಿರುಕು ಹುಟ್ಟುವುದು ಸಾಮಾನ್ಯವಾಗಿ ಆ ಹೊರಮೈಯಲ್ಲೇ. ದಪ್ಪ ಗ್ಲಾಸು ಗಟ್ಟಿ ಅಂತ ಸುಮ್ನೆ ನಂಬಬೇಡಿ, ಬಿಸಿ ಕಷಾಯಕ್ಕೆ ತೆಳುವಾದದ್ದೇ ವಾಸಿ.