ಹೊಸ ಆವೃತ್ತಿ: ಹೊರೆ ಇಳಿಯಿತೋ, ಜಾಗ ಬದಲಿಸಿತೋ?

ಮೇಜಿನ ಮೇಲೆ ಆಡುವ ಅಂತರಿಕ್ಷ ನೌಕಾಯುದ್ಧದ ಆಟಕ್ಕೆ ಹೊಸ ಆವೃತ್ತಿ ಬಂತೆಂದರೆ ಜತೆಗೆ ಒಂದು ಭರವಸೆಯೂ ಬರುತ್ತದೆ: ಹಳೆಯದಕ್ಕಿಂತ ಸುಲಭ, ಹಳೆಯದಕ್ಕಿಂತ ಬೇಗ. ಹಾಗೆಂದು ಹೊರೆ ಪೂರ್ತಿ ಕರಗಿಹೋಗುವುದು ಅಪರೂಪ. ಹೆಚ್ಚಿನ ಸಲ ಅದು ಒಂದು ಕಡೆಯಿಂದ ಎದ್ದು ಇನ್ನೊಂದು ಕಡೆ ಹೋಗಿ ಕೂತಿರುತ್ತದೆ. ಎಲ್ಲಿ ಕೂತಿದೆ ಎಂದು ಹುಡುಕುವುದೇ ಪರೀಕ್ಷೆ.

1979ರ ಸ್ಟಾರ್ ಫ್ಲೀಟ್ ಬ್ಯಾಟಲ್ಸ್ ಆಟವನ್ನೇ ನೋಡಿ. ಒಂದು ಸುತ್ತು 32 ಕಿರುಹಂತಗಳಾಗಿ, ಅಂದರೆ ಇಂಪಲ್ಸ್‌ಗಳಾಗಿ ಒಡೆಯುತ್ತದೆ. ಸುತ್ತು ಶುರುವಾಗುವ ಮೊದಲೇ ಪ್ರತಿ ನೌಕೆಯ ಶಕ್ತಿಯನ್ನು ಚಲನೆಗೆ ಇಷ್ಟು, ಶೀಲ್ಡಿಗೆ ಇಷ್ಟು, ಆಯುಧಕ್ಕೆ ಇಷ್ಟು ಎಂದು ಹಾಳೆಯಲ್ಲಿ ಬರೆದು ಹಂಚಬೇಕು. ಅದೇ ಲೋಕದ ಮೇಲೆ 2005ರಲ್ಲಿ ಬಂದ ಫೆಡರೇಶನ್ ಕಮಾಂಡರ್ ಇಂಪಲ್ಸ್‌ಗಳನ್ನು 8ಕ್ಕೆ ಇಳಿಸಿತು. ಮೂಲ ವೇಗವನ್ನು ಮೊದಲೇ ಆರಿಸಿಕೊಂಡರಾಯಿತು, ಉಳಿದ ಶಕ್ತಿಯನ್ನು ಬೇಕಾದಾಗ ಖರ್ಚು ಮಾಡಬಹುದು. ಬರೆಯುವ ಕೆಲಸ ಹೋಯಿತು, ಒಳ್ಳೆಯದೇ. ಆದರೆ ಎದುರಾಳಿಯ ನಡೆ ಗೊತ್ತಾಗುವ ಮೊದಲೇ ಶಕ್ತಿಯನ್ನು ಪಣಕ್ಕಿಡುವ ಜೂಜೂ ಅದರ ಜತೆಗೇ ಬಹುಮಟ್ಟಿಗೆ ಹೋಯಿತು. ಕೆಲವರು ಆ ಜೂಜಿಗಾಗಿಯೇ ಆಡುತ್ತಿದ್ದರು.

ಹಾಗಾಗಿ ಹೊಸ ನೌಕೆಗಳ ಆಸೆಯನ್ನು ಸ್ವಲ್ಪ ಬದಿಗಿಡಿ. ಎರಡೂ ಆವೃತ್ತಿಯಲ್ಲಿರುವ ನೌಕೆಗಳನ್ನೇ ತೆಗೆದುಕೊಳ್ಳಿ: ಒಂದೊಂದು ಬಣಕ್ಕೆ ಒಂದು ದೊಡ್ಡದು, ಎರಡು ಚಿಕ್ಕವು. ಆರಂಭದ ಅಂತರ ಒಂದೇ ಇರಲಿ, ಅಡೆತಡೆಗಳೂ ಅವವೇ ಇರಲಿ. ಪ್ರತಿ ಆವೃತ್ತಿಯಲ್ಲೂ ಬಣ ಬದಲಿಸಿಕೊಂಡು ಎರಡೆರಡು ಸಲ ಆಡಿ. ಸ್ಟಾಪ್‌ವಾಚ್ ಇಟ್ಟುಕೊಂಡು ಪ್ರತಿ ಸುತ್ತಿನಲ್ಲಿ ಯೋಜನೆ, ಚಲನೆ, ಗುಂಡಿನ ದಾಳಿ, ಹಾನಿ ಗುರುತಿಸುವುದು ಎಂಬ ನಾಲ್ಕಕ್ಕೂ ಹಿಡಿದ ನಿಮಿಷಗಳನ್ನು ಬೇರೆ ಬೇರೆ ಬರೆಯಿರಿ. ಹೊಸ ನಿಯಮದ ಮೊದಲ ಆಟ ಲೆಕ್ಕಕ್ಕಿಲ್ಲ, ಅದರಲ್ಲಿ ಪುಟ ಮಗುಚುವುದೇ ಆಗುತ್ತದೆ. ಒಟ್ಟು ಸಮಯ ಹೇಳಿಕೊಡುವುದು ಕಡಿಮೆ. ಯೋಜನೆಯ ಹೊತ್ತು ಇಳಿದು ಹಾನಿ ಗುರುತಿಸುವ ಹೊತ್ತು ಏರಿದ್ದರೆ ಆಟ ಬೇಗವಾಗಿಲ್ಲ, ಬೇಸರದ ಭಾಗ ಉದ್ದವಾಗಿದೆ.

ಇದಕ್ಕೆ ಫುಲ್ ಥ್ರಸ್ಟ್ ಎಂಬ ಇನ್ನೊಂದು ನೌಕಾಯುದ್ಧದ ಆಟ ಒಳ್ಳೆಯ ಉದಾಹರಣೆ. ನಿಯಮ ಚಿಕ್ಕದು, ಮೊದಲ ಎರಡು ಸುತ್ತು ಸರಸರನೆ ಓಡುತ್ತವೆ. ಅದರಲ್ಲಿ ನೌಕೆಯ ಹಾನಿ ಚೌಕಗಳು ನಾಲ್ಕು ಸಾಲಿನಲ್ಲಿರುತ್ತವೆ. ಒಂದು ಸಾಲು ಅಳಿದಾಗ ನೌಕೆಯ ಪ್ರತಿ ವ್ಯವಸ್ಥೆಗೂ ಒಂದೊಂದು ದಾಳ ಹಾಕಬೇಕು. ಮೊದಲ ಸಾಲಿಗೆ 6 ಬಿದ್ದರೆ ಅದು ಕೆಟ್ಟಂತೆ, ಎರಡನೆಯದಕ್ಕೆ 5 ಅಥವಾ 6, ಮೂರನೆಯದಕ್ಕೆ 4ರಿಂದ ಮೇಲೆ. ಒಂದು ಆಯುಧ ಮೂರೂ ಪರೀಕ್ಷೆ ದಾಟಿ ಉಳಿಯುವ ಸಾಧ್ಯತೆ 5/6, 4/6, 3/6 ಇವುಗಳ ಗುಣಲಬ್ಧ, ಅಂದರೆ ಸುಮಾರು ಶೇ. 28. ಸಾಯುವ ಮೊದಲೇ ನೌಕೆ ಮೊಂಡಾಗುತ್ತದೆ, ಅದು ಸೊಗಸು. ಆದರೆ 12 ವ್ಯವಸ್ಥೆಗಳ ನೌಕೆಗೆ ಮೊದಲ ಪರೀಕ್ಷೆಯಲ್ಲೇ 12 ದಾಳ. ಒಂದೇ ಸುತ್ತಿನಲ್ಲಿ ಐದು ನೌಕೆ ಸಾಲು ದಾಟಿದವೆಂದರೆ ಮೇಜಿನ ತುಂಬ ದಾಳವೇ. ಆದ್ದರಿಂದ ಯಾವುದೇ ಆವೃತ್ತಿಯನ್ನು ಅರ್ಧ ಜಖಂಗೊಂಡ ನೌಕೆಗಳಿಂದಲೇ ಶುರುಮಾಡಿ ಒಂದು ಸಲ ಆಡಿ ನೋಡಿ. ಜಖಂ ಆಗದ ನೌಕೆಗಳ ಮೊದಲ ಮೂರು ಸುತ್ತು ನೋಡಿ ಬರೆದ ಅಭಿಪ್ರಾಯ ಹೆಚ್ಚಿನ ಸಲ ಎಡವುವುದು ಇಲ್ಲೇ.

ಚಲನೆಯನ್ನು ಎದುರಾಳಿ ಇಲ್ಲದೆಯೇ ಪರೀಕ್ಷಿಸಬಹುದು. ಮತ್ತೆ ಫುಲ್ ಥ್ರಸ್ಟ್‌ನ ಸರಳ ಚಲನೆಗೇ ಬನ್ನಿ. ಥ್ರಸ್ಟ್ (ಎಂಜಿನ್ ಬಲ) 4 ಇರುವ ನೌಕೆ ಅದರಲ್ಲಿ ಅರ್ಧವನ್ನು, ಅಂದರೆ 2ನ್ನು, ತಿರುಗಲು ಬಳಸಬಹುದು. ಒಂದಕ್ಕೆ 30 ಡಿಗ್ರಿಯಂತೆ 60 ಡಿಗ್ರಿ. ವೇಗ 6 ಇರಲಿ, 24 ಇರಲಿ, ಅದೇ 60. ಏಕಮಾನವನ್ನು ಇಂಚು ಎಂದುಕೊಂಡರೆ 24ರ ವೇಗದಲ್ಲಿ 48 ಇಂಚಿನ ಅಗಲ ಎರಡೇ ಸುತ್ತಿಗೆ ಮುಗಿಯುತ್ತದೆ. ಎಂದಮೇಲೆ ವೇಗಕ್ಕೆ ಕಡಿವಾಣ ಹಾಕುವುದು ನಿಯಮವಲ್ಲ, ಮೇಜಿನ ಅಂಚು. ಹೊಸ ಪುಸ್ತಕದಲ್ಲಿ ಅಂಚು ದಾಟಿದ ನೌಕೆ ಏನಾಗುತ್ತದೆ ಎಂಬ ಸಾಲನ್ನು ಮೊದಲು ಓದಿ. ಅದು ಸಡಿಲವಾಗಿದ್ದರೆ ವೇಗದ ಬಣವನ್ನು ಹಿಡಿಯುವವರಿಲ್ಲ.

ಬೇಸ್ (ನೌಕೆಯ ಅಡಿತಟ್ಟೆ) ಅಳತೆ ಬದಲಾಗಿದ್ದರೂ ಚಲನೆ ಬದಲಾಗುತ್ತದೆ, ಇದು ಹಲವರ ಕಣ್ಣಿಗೆ ಬೀಳುವುದಿಲ್ಲ. ಎಕ್ಸ್-ವಿಂಗ್ ಆಟದಲ್ಲಿ ಟೆಂಪ್ಲೇಟನ್ನು (ಚಲನೆಯ ಅಳತೆಪಟ್ಟಿ) ಬೇಸಿನ ಮುಂದಿಟ್ಟು, ನೌಕೆಯನ್ನು ಎತ್ತಿ ಅದರ ಆಚೆ ತುದಿಗೆ ಇಡುತ್ತೇವೆ. 40 ಮಿ.ಮೀ. ಟೆಂಪ್ಲೇಟಿನಿಂದ 40 ಮಿ.ಮೀ. ಬೇಸಿನ ನೌಕೆ 80 ಮಿ.ಮೀ. ಮುಂದೆ ಹೋದರೆ, 80ರ ದೊಡ್ಡ ಬೇಸು 120 ಹೋಗುತ್ತದೆ. ನಡೆ ಆರಿಸುವ ಡಯಲ್ ಮೇಲೆ ಎರಡಕ್ಕೂ ಅದೇ 1.

ಇನ್ನು ದಾಳದ ಲೆಕ್ಕ. ಎಕ್ಸ್-ವಿಂಗ್‌ನ ಕೆಂಪು ದಾಳದ ಎಂಟು ಮುಖಗಳಲ್ಲಿ ಮೂರು ಹೊಡೆತ, ಒಂದು ಮಾರಕ ಹೊಡೆತ, ಎರಡು ಫೋಕಸ್, ಎರಡು ಖಾಲಿ. ಹಸಿರು ದಾಳದಲ್ಲಿ ಮೂರು ತಪ್ಪಿಸಿಕೊಳ್ಳುವುದು, ಎರಡು ಫೋಕಸ್, ಮೂರು ಖಾಲಿ. ಇಬ್ಬರ ಬಳಿಯೂ ಫೋಕಸ್ ಟೋಕನ್ (ಫೋಕಸ್ ಮುಖಗಳನ್ನು ಹೊಡೆತ ಅಥವಾ ರಕ್ಷಣೆಯಾಗಿಸುವ ಬಿಲ್ಲೆ) ಇದ್ದು ಮೂರು ಕೆಂಪಿಗೆ ಮೂರು ಹಸಿರು ಎದುರಾದರೆ ಸರಾಸರಿ 2.25 ಹೊಡೆತ, 1.875 ರಕ್ಷಣೆ. ಕಳೆದು 0.375 ಎಂದು ಬರೆದುಕೊಳ್ಳುವವರು ಬಹಳ. ಅದು ತಪ್ಪು, ಏಕೆಂದರೆ ರಕ್ಷಣೆ ಹೆಚ್ಚಾಗಿ ಬಿದ್ದರೆ ನೌಕೆಗೆ ಜೀವ ಮರಳಿ ಬರುವುದಿಲ್ಲ, ಹಾನಿ ಸೊನ್ನೆಗೆ ನಿಲ್ಲುತ್ತದೆ. ಎಲ್ಲ ಸಾಧ್ಯತೆಗಳನ್ನೂ ಬಿಡಿಸಿ ಕೂಡಿದರೆ ಉತ್ತರ ಸುಮಾರು 0.64. ದೂರ 3ರಲ್ಲಿ, ಅಂದರೆ ದೂರದ ಗುರಿಗೆ ಹೊಡೆದಾಗ, ರಕ್ಷಿಸಿಕೊಳ್ಳುವವರಿಗೆ ಸಿಗುವ ಒಂದು ಹೆಚ್ಚಿನ ಹಸಿರು ದಾಳ ಅದನ್ನು 0.35ಕ್ಕೆ ಇಳಿಸುತ್ತದೆ, ಹತ್ತಿರಹತ್ತಿರ ಅರ್ಧಕ್ಕೆ. ಹೊಸ ಆವೃತ್ತಿ ‘ಒಂದೇ ದಾಳ’ ಕೂಡಿಸಿದೆ ಅಥವಾ ಕಳೆದಿದೆ ಎಂದರೆ ಅದನ್ನು ಸಣ್ಣ ತಿದ್ದುಪಡಿ ಎಂದು ಬಿಟ್ಟುಬಿಡಬೇಡಿ.

ಎಕ್ಸ್-ವಿಂಗ್‌ನ 2018ರ ಎರಡನೇ ಆವೃತ್ತಿ ಗೋಪುರ ಆಯುಧಗಳನ್ನು ಸರಿಪಡಿಸಿದ ರೀತಿ ಮೆಚ್ಚುವಂಥದ್ದು. ಮೊದಲು ಕೆಲವು ನೌಕೆಗಳ ಮುಖ್ಯ ಆಯುಧ ಸುತ್ತಲೂ 360 ಡಿಗ್ರಿ ಹೊಡೆಯುತ್ತಿತ್ತು. ಎದುರಾಳಿ ಎಷ್ಟು ಜಾಣತನದಿಂದ ಹಿಂದೆ ಬಂದರೂ ಉಪಯೋಗವಿರಲಿಲ್ಲ. ಈಗ ಗೋಪುರ ಯಾವ ದಿಕ್ಕಿಗಿದೆ ಎಂದು ಬೇಸಿನ ಮೇಲೆ ಗುರುತಿರುತ್ತದೆ, ತಿರುಗಿಸಲು ಒಂದು ಕ್ರಿಯೆ ಕಳೆದುಕೊಳ್ಳಬೇಕು. ಇಲ್ಲಿಯೂ ಹೊರೆ ಕೂಡಿತು ನಿಜ, ಆದರೆ ಆಟಗಾರ ಯೋಚಿಸಬೇಕಾದ ಜಾಗದಲ್ಲೇ ಕೂಡಿತು.

ಪಾಯಿಂಟ್‌ಗಳ ವಿಷಯದಲ್ಲಿ ಅದೇ ಆವೃತ್ತಿ ಮಾಡಿದ ಬದಲಾವಣೆಗೆ ಎರಡು ಮುಖ. ಕಾರ್ಡಿನ ಮೇಲೆ ಅಚ್ಚಾಗುತ್ತಿದ್ದ ಬೆಲೆಯನ್ನು, ಅಂದರೆ ತಂಡ ಕಟ್ಟುವಾಗ ಒಂದೊಂದು ನೌಕೆಗೆ ಲೆಕ್ಕ ಹಿಡಿಯುವ ಪಾಯಿಂಟನ್ನು, ತೆಗೆದು ಆ್ಯಪ್ ಮತ್ತು ಪಿಡಿಎಫ್‌ಗೆ ಹಾಕಿದರು. ಅತಿಬಲದ ನೌಕೆಯ ಬೆಲೆ ಏರಿಸಲು ಹೊಸ ಕಾರ್ಡ್ ಅಚ್ಚು ಹಾಕಬೇಕಾಗಿಲ್ಲ. ಆದರೆ ಪಾಯಿಂಟ್ ಲೆಕ್ಕದ ತಂಡ ಕಟ್ಟಲು ಪೆಟ್ಟಿಗೆಯಲ್ಲಿರುವುದಷ್ಟೇ ಸಾಲದು. 2024ರಲ್ಲಿ ಪ್ರಕಾಶಕರು ಈ ಆಟದ ಅಭಿವೃದ್ಧಿಯನ್ನೇ ನಿಲ್ಲಿಸಿದರು. ಬೆಲೆಪಟ್ಟಿ ಹೊರಗಿರುವ ಯಾವ ಆವೃತ್ತಿಯನ್ನೇ ಕೊಂಡರೂ ಅಂದಿನ ಪಟ್ಟಿಯನ್ನು ಅಂದೇ ಇಳಿಸಿ, ಮುದ್ರಿಸಿ, ಮೇಲೆ ತಾರೀಖು ಬರೆದು ಪೆಟ್ಟಿಗೆಯೊಳಗೆ ಹಾಕಿಡಿ.